ಹಳೆಯ ಟ್ರಕ್ಕಿನ ಮೂಲ ರೇಡಿಯೋ: ವೈರಿಂಗ್ ಮತ್ತು ಹೊಸ ಸೌಲಭ್ಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಟ್ರಕ್ಕಿಗೆ ಜೀವ ಕೊಡುವವರು ಮೊದಲು ಇಂಜಿನ್, ಬ್ರೇಕ್, ಬಣ್ಣ ಅಂತ ಓಡಾಡುತ್ತಾರೆ. ಎಲ್ಲ ಮುಗಿದ ಮೇಲೆ ಒಂದು ದಿನ ಸೀಟಿನಲ್ಲಿ ಕೂತು ರೇಡಿಯೋದ ನಾಬ್ ತಿರುಗಿಸುತ್ತಾರೆ. ಟಕ್ ಅಂತ ಸ್ವಿಚ್ ಬೀಳುತ್ತದೆ, ಅಷ್ಟೇ. ದೀಪವಿಲ್ಲ, ಸದ್ದಿಲ್ಲ. ಪ್ರಶ್ನೆಗಳು ಶುರುವಾಗುವುದು ಅಲ್ಲಿಂದ.

ಇಲ್ಲಿನ ಉತ್ತರಗಳು ಮುಖ್ಯವಾಗಿ 1940ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗಿನ ಅಮೆರಿಕನ್ ಪಿಕಪ್ ಟ್ರಕ್ಕುಗಳಿಗೆ ಸಂಬಂಧಿಸಿದವು. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಆ ರೇಡಿಯೋ ತನ್ನ ಜಾಗದಲ್ಲೇ ಇರಬೇಕು. ಹೊಸದಾಗಿ ಏನೇ ಸೇರಿಸಿದರೂ ನಾಳೆ ಬಿಚ್ಚಿ ಮೊದಲಿನಂತೆ ಮಾಡಲು ಬರಬೇಕು.

ನನ್ನ ಟ್ರಕ್ 6 ವೋಲ್ಟಿನದೋ 12 ವೋಲ್ಟಿನದೋ? ಅದು ಯಾಕೆ ಮುಖ್ಯ?

ಇದು ಗೊತ್ತಾಗದೆ ಒಂದು ವೈರೂ ಮುಟ್ಟಬೇಡಿ. 6 ವೋಲ್ಟಿನ ರೇಡಿಯೋಗೆ 12 ವೋಲ್ಟ್ ಕೊಟ್ಟರೆ ವಾಲ್ವ್‌ಗಳ, ಅಂದರೆ ರೇಡಿಯೋದೊಳಗಿನ ಗಾಜಿನ ಕೊಳವೆಗಳ, ಒಳಗಿನ ತಂತಿ ಸುಟ್ಟುಹೋಗುತ್ತದೆ.

ಫೋರ್ಡ್ ಟ್ರಕ್ಕುಗಳು 1955ರ ಮಾದರಿಯವರೆಗೂ 6 ವೋಲ್ಟ್, ಅದೂ ಪ್ಲಸ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಟ್ರಕ್ಕಿನ ಲೋಹದ ಬಾಡಿಗೆ ಸೇರಿರುವಂಥವು. 1956ರಿಂದ 12 ವೋಲ್ಟ್, ಮೈನಸ್ ಅರ್ಥ್. ಷೆವರ್ಲೆ ಟ್ರಕ್ಕುಗಳಲ್ಲಿ 6 ವೋಲ್ಟ್ ಕಾಲದಲ್ಲೂ ಮೈನಸ್ಸೇ ಅರ್ಥ್. 1955ರ ನಡುವೆ ಹೊಸ ಮಾದರಿ ಬಂದಾಗ 12 ವೋಲ್ಟಿಗೆ ಹೋದರು. ಅಂದರೆ ಒಂದೇ ವರ್ಷದ ಎರಡು ಷೆವರ್ಲೆ ಟ್ರಕ್ಕುಗಳಲ್ಲಿ ಒಂದು 6, ಇನ್ನೊಂದು 12 ಇರಬಹುದು.

ಆದರೆ ಪುಸ್ತಕದ ಲೆಕ್ಕ ನಂಬಿ ಕೂರಬೇಡಿ. ಇಷ್ಟು ವರ್ಷಗಳಲ್ಲಿ ಯಾರ್ಯಾರೋ ಏನೇನೋ ಬದಲಾಯಿಸಿರುತ್ತಾರೆ. ಬ್ಯಾಟರಿ ನೋಡಿ: ನೀರು ಹಾಕುವ ಮುಚ್ಚಳ ಮೂರಿದ್ದರೆ 6 ವೋಲ್ಟ್, ಆರಿದ್ದರೆ 12. ಬಾಡಿಗೆ ಹೋಗುವ ದಪ್ಪ ಕೇಬಲ್ ಪ್ಲಸ್‌ನಿಂದ ಬಂದಿದೆಯಾ ಮೈನಸ್‌ನಿಂದಲಾ ನೋಡಿ. ಆಮೇಲೆ ಮಲ್ಟಿಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ. ರೇಡಿಯೋ ಎಷ್ಟು ವೋಲ್ಟಿನದು ಎಂಬುದನ್ನು ಬೇರೆಯಾಗಿಯೇ ನೋಡಬೇಕು. ಟ್ರಕ್ 12 ಆಗಿ, ರೇಡಿಯೋ ಮಾತ್ರ 6ರಲ್ಲೇ ಉಳಿದಿರುವುದು ಬಹಳ ಸಾಮಾನ್ಯ.

ಒಳಗೆ ವಾಲ್ವ್ ಇದೆಯೋ ಟ್ರಾನ್ಸಿಸ್ಟರ್ ಇದೆಯೋ ಹೇಗೆ ಗೊತ್ತಾಗುತ್ತದೆ?

ಓಡುತ್ತಿರುವ ರೇಡಿಯೋ ಆದರೆ ಕಿವಿಯೇ ಸಾಕು. ಸ್ವಿಚ್ ಹಾಕಿದ ಕೂಡಲೇ ಸಣ್ಣಗೆ ಗುಂಯ್ ಅಂದು, ಅರ್ಧ ನಿಮಿಷ ಕಾದ ಮೇಲೆ ದನಿ ಬಂದರೆ ಅದು ವಾಲ್ವ್ ರೇಡಿಯೋ. ಆ ಗುಂಯ್ ಸದ್ದು ವೈಬ್ರೇಟರ್‌ನದು. ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಅಲ್ಲಿ ಅದು 200 ವೋಲ್ಟಿನ ಮೇಲೆ ಏರುತ್ತದೆ. ವಾಲ್ವ್‌ಗಳಿಗೆ ಬೇಕಿರುವುದು ಅಷ್ಟು.

1950ರ ದಶಕದ ಕೊನೆಯಲ್ಲಿ ಬಂದದ್ದು ಮಿಶ್ರ ತಳಿ. ಅದರಲ್ಲಿ 12 ವೋಲ್ಟಿನಲ್ಲೇ ನೇರವಾಗಿ ಕೆಲಸ ಮಾಡುವ ವಿಶೇಷ ವಾಲ್ವ್‌ಗಳಿವೆ. ಸ್ಪೀಕರ್ ಓಡಿಸಲು ಮಾತ್ರ ಒಂದು ದೊಡ್ಡ ಟ್ರಾನ್ಸಿಸ್ಟರ್ ಹಿಂದುಗಡೆ ಇರುತ್ತದೆ. ವೈಬ್ರೇಟರ್ ಇಲ್ಲ, ಗುಂಯ್ ಇಲ್ಲ, ಆದರೆ ಬಿಸಿಯಾಗುವವರೆಗೆ ಕಾಯಲೇಬೇಕು. ಹಾಕಿದ ತಕ್ಷಣ ಮಾತಾಡಿದರೆ ಪೂರ್ತಿ ಟ್ರಾನ್ಸಿಸ್ಟರ್.

ಡಯಲ್ ಕೂಡ ಕಾಲ ಹೇಳುತ್ತದೆ. 640 ಮತ್ತು 1240ರ ಹತ್ತಿರ ಪುಟ್ಟ ತ್ರಿಕೋನದ ಗುರುತಿದ್ದರೆ ಅದು 1953ರಿಂದ 1963ರ ನಡುವೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರೇಡಿಯೋ. ಯುದ್ಧದ ಅಪಾಯ ಬಂದರೆ ಜನ ಆ ಎರಡು ಜಾಗಕ್ಕೆ ತಿರುಗಿಸಿ ಸೂಚನೆ ಕೇಳಬೇಕು ಅಂತ ಇದ್ದ ಏರ್ಪಾಡು ಅದು. ಆ ಗಾಜನ್ನು ಉಜ್ಜಿ ತೊಳೆಯಬೇಡಿ. ಅಕ್ಷರ, ಗುರುತು ಎಲ್ಲ ಬಟ್ಟೆಗೆ ಬಂದುಬಿಡುತ್ತದೆ.

ಸುಮ್ನೆ ಬ್ಯಾಟರಿಗೆ ಕೊಟ್ಟು ಒಮ್ಮೆ ಆನ್ ಮಾಡಿ ನೋಡಬಹುದಾ?

ಬೇಡ. ಎಲ್ಲರ ಕೈಯೂ ತುರಿಸುತ್ತದೆ, ಗೊತ್ತು. ಆದರೆ ಹಲವು ವರ್ಷ ಸುಮ್ಮನಿದ್ದ ವಾಲ್ವ್ ರೇಡಿಯೋದಲ್ಲಿ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳು) ಒಣಗಿರುತ್ತವೆ ಅಥವಾ ಒಳಗೊಳಗೇ ಸೋರುತ್ತಿರುತ್ತವೆ. ವೈಬ್ರೇಟರ್‌ನ ಪಾಯಿಂಟ್‌ಗಳು ಅಂಟಿಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ಕರೆಂಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಡಬಹುದು. ಕೆಪಾಸಿಟರ್ ಇವತ್ತೂ ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಸಿಗುವುದು ಕಷ್ಟ.

ಟ್ರಾನ್ಸಿಸ್ಟರ್ ಇರುವ ರೇಡಿಯೋಗೆ ಇನ್ನೊಂದು ನಿಯಮ: ಸ್ಪೀಕರ್ ಜೋಡಿಸದೆ ಯಾವತ್ತೂ ಆನ್ ಮಾಡಬೇಡಿ. ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಅದನ್ನು ತಡೆದುಕೊಳ್ಳುವುದಿಲ್ಲ.

ನಿಮ್ಮ ಮೈಯ ಮೇಲೂ ಗಮನವಿರಲಿ. ಬ್ಯಾಟರಿ 6 ವೋಲ್ಟಿನದೇ ಆದರೂ ರೇಡಿಯೋದ ಒಳಗೆ 200 ವೋಲ್ಟಿನ ಮೇಲಿದೆ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಮೂಲಕ ಅದನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆ ಕೈ ಹಾಕಿ.

ಹಳೆಯ ವೈರುಗಳನ್ನು ಹಾಗೇ ಉಳಿಸಿಕೊಳ್ಳಬಹುದಾ?

ಬಟ್ಟೆ ಸುತ್ತಿದ ಹಳೆಯ ವೈರು ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಬಟ್ಟೆಯ ಒಳಗಿನ ರಬ್ಬರ್ ಮಾತ್ರ ಸತ್ತಿರುತ್ತದೆ. ನಾನು ಮೊದಲ ಸಲ ಒಂದು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ರೇಡಿಯೋದ ವೈರನ್ನು ಮೆಲ್ಲಗೆ ಬಗ್ಗಿಸಿದೆ. ಕರ್ ಅಂತ ಸದ್ದಾಯಿತು. ಕಪ್ಪು ರಬ್ಬರಿನ ಪುಡಿ ಒಣ ಟೀ ಸೊಪ್ಪಿನ ಹಾಗೆ ಮುಖದ ಮೇಲೆ ಉದುರಿತು. ಒಳಗಿನ ತಾಮ್ರ ಬರಿಮೈಯಲ್ಲಿ ಹೊಳೆಯುತ್ತಿತ್ತು, ಅದರಿಂದ ಒಂದು ಬೆರಳು ದೂರದಲ್ಲಿ ಬಾಡಿಯ ಕಬ್ಬಿಣ. ಫ್ಯೂಸ್ ಇರಬೇಕಾದ ಜಾಗದಲ್ಲಿ ಯಾರೋ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿಟ್ಟಿದ್ದರು. ಆ ಟ್ರಕ್ ಹೊತ್ತಿ ಉರಿಯದೆ ಅಷ್ಟು ವರ್ಷ ಹೇಗೆ ಓಡಿತು ಅಂತ ಇವತ್ತೂ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಅದಕ್ಕೇ ಹೇಳುವುದು, ರೇಡಿಯೋ ಬಿಚ್ಚುವ ಮೊದಲು ಅದಕ್ಕೆ ಬರುವ ಕರೆಂಟಿನ ದಾರಿ ಸರಿ ಮಾಡಿ. ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿಟ್ಟು ಕೆಲಸ ಶುರು ಮಾಡಿ. ಹಳೆಯ ವೈರು ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಚೀಟಿ ಕಟ್ಟಿ, ಫೋಟೋ ತೆಗೆದುಕೊಳ್ಳಿ.

ಎಷ್ಟು ದಪ್ಪದ ವೈರು ಹಾಕಬೇಕು?

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. 12 ವೋಲ್ಟಿನ ಅಭ್ಯಾಸದಲ್ಲಿ 6 ವೋಲ್ಟಿನ ಟ್ರಕ್ಕಿಗೂ ತೆಳು ವೈರು ಎಳೆದುಬಿಡುತ್ತಾರೆ. ಅಷ್ಟೇ ಶಕ್ತಿಗೆ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟ್ ಬೇಕು ಅನ್ನುವುದು ಮರೆತೇ ಹೋಗಿರುತ್ತದೆ.

ಲೆಕ್ಕ ಹಾಕಿ ನೋಡೋಣ. 6 ವೋಲ್ಟಿನ ವಾಲ್ವ್ ರೇಡಿಯೋ ಸುಮಾರು 7 ಆಂಪ್ ಎಳೆಯುತ್ತದೆ ಅಂದುಕೊಳ್ಳಿ. ವೈರಿನ ಉದ್ದ 3 ಮೀಟರ್. 0.75 ಚದರ ಮಿಲಿಮೀಟರಿನ ತಾಮ್ರದ ವೈರಾದರೆ ದಾರಿಯಲ್ಲೇ ಹತ್ತಿರ ಹತ್ತಿರ ಅರ್ಧ ವೋಲ್ಟ್ ಕಳೆದುಹೋಗುತ್ತದೆ. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಅಷ್ಟೇನೂ ಗೊತ್ತಾಗುವುದಿಲ್ಲ. 6 ವೋಲ್ಟಿನಲ್ಲಿ ಅದು ನೂರಕ್ಕೆ ಎಂಟು ಪಾಲು. ಅದೇ 2.5 ಚದರ ಮಿಲಿಮೀಟರ್ ವೈರು ಹಾಕಿದರೆ ನಷ್ಟ 0.15 ವೋಲ್ಟಿಗೆ ಇಳಿಯುತ್ತದೆ. ಕಣ್ಣು ಮುಚ್ಚಿ ದಪ್ಪದ್ದನ್ನೇ ಹಾಕಿ.

ಫ್ಯೂಸ್ ಕರೆಂಟ್ ಹೊರಡುವ ಕಡೆ ಇರಲಿ, ರೇಡಿಯೋದ ಪಕ್ಕದಲ್ಲಿ ಅಲ್ಲ. ವೈರು ನಡುವೆ ಎಲ್ಲೋ ಬಾಡಿಗೆ ತಾಗಿದರೂ ಫ್ಯೂಸ್ ಹೋಗಬೇಕು. ತಗಡಿನ ತೂತಿನ ಮೂಲಕ ಹಾಯಿಸುವಾಗ ರಬ್ಬರ್ ಬಳೆ ಹಾಕುವುದನ್ನು ಮರೆಯಬೇಡಿ. ಹಳೆಯ ನೋಟವೇ ಬೇಕು ಅಂದರೆ ಒಳಗೆ ಇಂದಿನ ಪ್ಲಾಸ್ಟಿಕ್ ಹೊದಿಕೆ, ಮೇಲೆ ಬಟ್ಟೆಯ ಹೆಣಿಗೆ ಇರುವ ವೈರು ಸಿಗುತ್ತದೆ.

ಅರ್ಥ್ ಬಗ್ಗೆ ಒಂದು ಮಾತು. ಹಳೆಯ ರೇಡಿಯೋಗೆ ತನ್ನ ಲೋಹದ ಡಬ್ಬಿಯೇ ಅರ್ಥ್. ಹೊಸ ಬಣ್ಣ ಬಳಿದ ಡ್ಯಾಶ್‌ಬೋರ್ಡಿಗೆ ಅದನ್ನು ಬಿಗಿದರೆ ಬಣ್ಣವೇ ಅಡ್ಡ ನಿಲ್ಲುತ್ತದೆ. ರೇಡಿಯೋ ಕೆಟ್ಟಿದೆ ಅಂತ ತಂದವರ ಎಷ್ಟೋ ಟ್ರಕ್ಕುಗಳಲ್ಲಿ ಬೋಲ್ಟಿನ ಕೆಳಗಿನ ಬಣ್ಣ ಕೆರೆದದ್ದೇ ರಿಪೇರಿ. ಹಿಂದಿನ ಬ್ರಾಕೆಟ್‌ನಿಂದ ಬಾಡಿಗೆ ಬೇರೆಯೇ ಒಂದು ಅರ್ಥ್ ವೈರು ಎಳೆದುಬಿಡಿ.

ರೇಡಿಯೋದ ಒಳಗೆ ಏನೇನು ಬದಲಿಸಬೇಕು?

ವಾಲ್ವ್ ರೇಡಿಯೋದಲ್ಲಿ ಮೇಣ ಮತ್ತು ಕಾಗದದ ಕೆಪಾಸಿಟರ್‌ಗಳು, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಎಲ್ಲವನ್ನೂ ಬದಲಿಸಿ. ಒಂದೊಂದೇ ಬದಲಿಸಿ, ಒಂದೊಂದು ಸಲ ಬೆಸುಗೆ ನೋಡಿ ಮುಂದೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿತ್ತು ಅಂತ ತಲೆ ಕೆಡುತ್ತದೆ.

ಟ್ರಾನ್ಸ್‌ಫಾರ್ಮರಿನ ಹತ್ತಿರ ಬಫರ್ ಅನ್ನುವ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದು ಸಾಮಾನ್ಯವಾಗಿ 1600 ವೋಲ್ಟ್ ತಡೆಯುವಂಥದ್ದು. ವೈಬ್ರೇಟರ್ ಕರೆಂಟ್ ಕಡಿಯುವಾಗ ಏಳುವ ಹೊಡೆತವನ್ನು ಅದು ತಿನ್ನುತ್ತದೆ. ಅದರ ಕೆಪಾಸಿಟೆನ್ಸ್ ಎಷ್ಟಿದೆಯೋ ಅಷ್ಟರದ್ದನ್ನೇ ಹಾಕಿ, ವೋಲ್ಟ್ ಕಡಿಮೆ ಇರುವುದನ್ನು ಹಾಕಬೇಡಿ. ಅದನ್ನು ಬದಲಿಸದೆ ಹೊಸ ವೈಬ್ರೇಟರ್ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ.

ವೈಬ್ರೇಟರ್ ಬದಲಿಗೆ ಟ್ರಾನ್ಸಿಸ್ಟರ್‌ನಿಂದ ಮಾಡಿದ, ಅದೇ ಕಾಲುಗಳ ಡಬ್ಬಿ ಸಿಗುತ್ತದೆ. ಸದ್ದಿಲ್ಲ, ಸವೆತವಿಲ್ಲ. ತೆಗೆದುಕೊಳ್ಳುವಾಗ ನಿಮ್ಮದು ಪ್ಲಸ್ ಅರ್ಥೋ ಮೈನಸ್ ಅರ್ಥೋ ನೋಡಿ. ಹಳೆಯ ಸಾದಾ ವೈಬ್ರೇಟರ್ ಎರಡರಲ್ಲೂ ಓಡುತ್ತಿತ್ತು, ಇದು ಓಡುವುದಿಲ್ಲ.

ಟ್ರಕ್ಕನ್ನು 12 ವೋಲ್ಟಿಗೆ ಬದಲಿಸಿದ್ದೇನೆ. 6 ವೋಲ್ಟಿನ ರೇಡಿಯೋಗೆ ಒಂದು ರೆಸಿಸ್ಟರ್ ಸಾಕಲ್ವಾ?

ಸಾಲದು. 7 ಆಂಪ್ ಎಳೆಯುವ ರೇಡಿಯೋಗೆ 6 ವೋಲ್ಟ್ ಇಳಿಸಬೇಕಾದರೆ ಆ ರೆಸಿಸ್ಟರ್ 42 ವ್ಯಾಟ್ ಶಾಖ ಉಗುಳಬೇಕು. ಡ್ಯಾಶ್‌ಬೋರ್ಡಿನ ಹಿಂದೆ, ವೈರುಗಳ ಮಧ್ಯೆ ಅದನ್ನು ಇಡುವಂತಿಲ್ಲ. ಜೊತೆಗೆ ಕರೆಂಟ್ ಹೆಚ್ಚುಕಡಿಮೆ ಆದಂತೆ ವೋಲ್ಟೂ ಕುಣಿಯುತ್ತದೆ.

12ರಿಂದ 6ಕ್ಕೆ ಇಳಿಸುವ, ಕನಿಷ್ಠ 10 ಆಂಪ್ ಕೊಡುವ ಕನ್ವರ್ಟರ್ ಹಾಕಬಹುದು. ಅಗ್ಗದ ಕನ್ವರ್ಟರ್‌ಗಳು ಎಎಂ ಬ್ಯಾಂಡಿನಲ್ಲಿ ಕಿರಿಕಿರಿ ಸದ್ದು ಹುಟ್ಟಿಸುತ್ತವೆ. ಆದ್ದರಿಂದ ಲೋಹದ ಡಬ್ಬಿಯೊಳಗಿರುವುದನ್ನು ಆರಿಸಿ ರೇಡಿಯೋದಿಂದ ದೂರ ಇಡಿ. ರೇಡಿಯೋವನ್ನೇ ಒಳಗಿನಿಂದ 12 ವೋಲ್ಟಿಗೆ ಬದಲಿಸುವವರೂ ಇದ್ದಾರೆ. ವಾಲ್ವ್, ವೈಬ್ರೇಟರ್, ಟ್ರಾನ್ಸ್‌ಫಾರ್ಮರ್ ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ, ಅದು ನುರಿತವರ ಕೆಲಸ.

ಮೂಲ ರೇಡಿಯೋದಲ್ಲೇ ಫೋನಿನ ಹಾಡು ಕೇಳಬೇಕು. ಏನು ದಾರಿ?

ಮೂರು ದಾರಿ ಇವೆ. ನನಗೆ ಇಷ್ಟವಾದದ್ದನ್ನು ಮೊದಲು ಹೇಳುತ್ತೇನೆ.

ರೇಡಿಯೋ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ಅದಕ್ಕೊಂದು ಹೊರಗಿನ ಇನ್‌ಪುಟ್ ಸೇರಿಸಿ. ಸ್ಟೇಷನ್ನಿನ ದನಿ ಬೇರೆಯಾಗಿ ಹೊರಬಂದು ವಾಲ್ಯೂಮ್ ಕಂಟ್ರೋಲಿನ ಮೇಲಿನ ತುದಿಗೆ ಸೇರುತ್ತದೆ. ಅಲ್ಲಿ ವೈರು ಕಡಿದು ಒಂದು ಪುಟ್ಟ ಸ್ವಿಚ್ ಹಾಕಿ. ಒಂದು ಕಡೆ ಸ್ಟೇಷನ್, ಇನ್ನೊಂದು ಕಡೆ ಫೋನ್. ಆಮೇಲೆ ಹಳೆಯ ನಾಬೇ ಫೋನಿನ ದನಿಯನ್ನೂ ಏರಿಸಿ ಇಳಿಸುತ್ತದೆ. ಫೋನಿನಿಂದ ಬರುವ ದಾರಿಯಲ್ಲಿ ಒಂದು ಕೆಪಾಸಿಟರ್ ಇರಲೇಬೇಕು, ರೇಡಿಯೋ ಒಳಗಿನ ಡಿಸಿ ವೋಲ್ಟ್ ಫೋನಿಗೆ ಹೋಗಬಾರದು. ಫೋನಿನ ಎಡ ಮತ್ತು ಬಲ ಚಾನಲ್ಲನ್ನು ನೇರವಾಗಿ ತಿರುಚಿ ಸೇರಿಸಬೇಡಿ. ಒಂದೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ. ಈ ವೈರು ಮೇಲೆ ಜಾಲರಿ ಹೊದ್ದ ಶೀಲ್ಡೆಡ್ ವೈರೇ ಆಗಿರಲಿ, ಇಲ್ಲದಿದ್ದರೆ ಹಾಡಿನ ಜೊತೆ ಗುಂಯ್ ಕೂಡ ಬರುತ್ತದೆ. ಇದರ ತುದಿಗೆ ಸಣ್ಣ ಬ್ಲೂಟೂತ್ ರಿಸೀವರ್ ಕಟ್ಟಿದರೆ ಹೊರಗೆ ಒಂದು ವೈರೂ ಕಾಣುವುದಿಲ್ಲ. ವಾಲ್ವ್ ಬಿಸಿಯಾಗಿ, ಡಯಲ್ಲಿನ ಹಳದಿ ಬೆಳಕು ಹತ್ತಿ, ನಿಮ್ಮ ಫೋನಿನ ಹಾಡು ಆ ಕಾಗದದ ಸ್ಪೀಕರ್‌ನಿಂದ ಮೆತ್ತಗೆ ಬರುವಾಗ ಪಟ್ಟ ಕಷ್ಟವೆಲ್ಲ ಮರೆತುಹೋಗುತ್ತದೆ.

ಎರಡನೆಯದು, ರೇಡಿಯೋದ ಒಳಭಾಗ ಪೂರ್ತಿ ಹೋಗಿದ್ದರೆ. ಹಳೆಯ ಡಬ್ಬಿ, ಡಯಲ್, ನಾಬ್ ಹಾಗೇ ಇಟ್ಟು ಒಳಗೆ ಎಎಂ, ಎಫ್‌ಎಂ, ಬ್ಲೂಟೂತ್ ಎಲ್ಲ ಇರುವ ಹೊಸ ಬೋರ್ಡ್ ಕೂರಿಸುತ್ತಾರೆ. ಮುಳ್ಳು ಮೊದಲಿನಂತೆಯೇ ಓಡುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಓಡುತ್ತಿರುವ ರೇಡಿಯೋದ ಕರುಳು ಕಿತ್ತು ಇದನ್ನು ಹಾಕುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಮಾಡಿಸಿದರೆ ತೆಗೆದ ಭಾಗಗಳನ್ನು ವಾಪಸ್ ಕೇಳಿ ಪಡೆದುಕೊಳ್ಳಿ.

ಮೂರನೆಯದು ಎಲ್ಲಕ್ಕಿಂತ ಸುಲಭ. ಹಳೆಯ ರೇಡಿಯೋ ಮುಟ್ಟುವುದೇ ಬೇಡ. ಬ್ಲೂಟೂತ್ ಇರುವ ಸಣ್ಣ ಆಂಪ್ಲಿಫೈಯರನ್ನು ಸೀಟಿನ ಕೆಳಗೋ ಗ್ಲೌ ಬಾಕ್ಸ್ ಒಳಗೋ ಇಟ್ಟು ಬೇರೆ ಸ್ಪೀಕರ್ ಕೊಡಿ.

ಸಿಗರೇಟ್ ಲೈಟರಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಆಗುವುದಿಲ್ಲವಾ?

ಈ ಕಾಲದ ಟ್ರಕ್ ರೇಡಿಯೋಗಳಲ್ಲಿ ಬಹುಪಾಲು ಎಎಂ ಮಾತ್ರ. ಎಫ್‌ಎಂ ಅವುಗಳಿಗೆ ಕೇಳಿಸುವುದೇ ಇಲ್ಲ.

ಪ್ಲಸ್ ಅರ್ಥ್ ಇರುವ ಟ್ರಕ್ಕಿನಲ್ಲಿ ಬ್ಲೂಟೂತ್, ಚಾರ್ಜರ್ ಹಾಕಬಹುದಾ?

ಹಾಕಬಹುದು, ಆದರೆ ನೇರವಾಗಿ ಖಂಡಿತ ಬೇಡ. ಇಂದಿನ ಉಪಕರಣಗಳ ಹೊರಕವಚ ಮತ್ತು ಆಡಿಯೋ ವೈರಿನ ಜಾಲರಿ ಮೈನಸ್‌ಗೆ ಸೇರಿರುತ್ತವೆ. ನಿಮ್ಮ ಟ್ರಕ್ಕಿನ ಬಾಡಿ, ರೇಡಿಯೋದ ಡಬ್ಬಿ ಎರಡೂ ಪ್ಲಸ್. ಆಡಿಯೋ ವೈರು ಚುಚ್ಚಿದ ಕ್ಷಣ ಬ್ಯಾಟರಿಯ ಎರಡು ತುದಿ ಆ ತೆಳು ಜಾಲರಿಯ ಮೂಲಕ ಮುಟ್ಟಿಕೊಳ್ಳುತ್ತವೆ. ವೈರು ಕೆಂಪಗೆ ಕಾಯುತ್ತದೆ.

ಒಳಬರುವ ಕರೆಂಟಿಗೂ ಹೊರಹೋಗುವ ಕರೆಂಟಿಗೂ ಸಂಪರ್ಕವೇ ಇಲ್ಲದ ಐಸೊಲೇಟೆಡ್ ಕನ್ವರ್ಟರ್ ಬಳಸಿ. ಮೀಟರಿನಲ್ಲಿ ಓಮ್‌ಗೆ ಇಟ್ಟು ಇನ್‌ಪುಟ್ ಮೈನಸ್ ಮತ್ತು ಔಟ್‌ಪುಟ್ ಮೈನಸ್ ಮಧ್ಯೆ ನೋಡಿ. ಸೊನ್ನೆ ತೋರಿಸಿದರೆ ಅದು ಐಸೊಲೇಟೆಡ್ ಅಲ್ಲ, ಮೇಲೆ ಏನೇ ಬರೆದಿರಲಿ.

ಸ್ಪೀಕರ್ ಹರಿದಿದೆ. ಯಾವುದಾದರೂ ಹೊಸದು ಹಾಕಬಹುದಾ?

ಅಳತೆ ಸರಿಹೋದರೆ ಸಾಲದು, ಓಮ್ ಕೂಡ ಹೊಂದಬೇಕು. ಹಳೆಯ ವಾಲ್ವ್ ರೇಡಿಯೋಗಳಿಗೆ ಸಾಮಾನ್ಯವಾಗಿ 3ರಿಂದ 4 ಓಮ್. 1960ರ ದಶಕದ ಜನರಲ್ ಮೋಟಾರ್ಸ್ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ 10 ಓಮ್ ಸ್ಪೀಕರ್ ಇರುತ್ತದೆ. ಅದಕ್ಕೆ ಇಂದಿನ 4 ಓಮ್ ಸ್ಪೀಕರ್ ಹಾಕಿದರೆ ಟ್ರಾನ್ಸಿಸ್ಟರ್ ಮೇಲೆ ಭಾರ ಬಿದ್ದು ಕಾದು ಸಾಯುತ್ತದೆ.

ಇನ್ನೂ ಹಳೆಯ ಕೆಲವು ಸ್ಪೀಕರ್‌ಗಳಲ್ಲಿ ಶಾಶ್ವತ ಅಯಸ್ಕಾಂತವೇ ಇಲ್ಲ, ಅದರ ಬದಲು ಕರೆಂಟಿನಿಂದ ನಡೆಯುವ ಸುರುಳಿ ಇರುತ್ತದೆ. ವೈರು ಎರಡಕ್ಕಿಂತ ಜಾಸ್ತಿ ಇದ್ದರೆ ಅನುಮಾನ ಪಡಿ. ಆ ಸುರುಳಿ ರೇಡಿಯೋದ ವಿದ್ಯುತ್ತನ್ನು ಸೋಸುವ ಕೆಲಸವನ್ನೂ ಮಾಡುತ್ತಿರುತ್ತದೆ. ಅಂಥದ್ದಿದ್ದರೆ ಕಾಗದವನ್ನು ಮಾತ್ರ ಹೊಸದಾಗಿ ಅಂಟಿಸಿ ಮೂಲ ಸ್ಪೀಕರನ್ನೇ ಉಳಿಸಿಕೊಳ್ಳಿ.

ಹೊಸ ಆಂಪ್ಲಿಫೈಯರ್ ಹಾಕಿದವರಿಗೆ ಒಂದು ಉಪಾಯ: ಒಂದೇ ಸ್ಪೀಕರಿನಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಸುರುಳಿ ಇರುವಂಥವು ಸಿಗುತ್ತವೆ. ಡ್ಯಾಶ್‌ಬೋರ್ಡಿನ ನಡುವಿನ ಒಂದೇ ಜಾಗದಲ್ಲಿ ಎರಡೂ ಚಾನಲ್ ಕೇಳಿಸುತ್ತದೆ.

ಇಂಜಿನ್ ಹಾಕಿದರೆ ರೇಡಿಯೋದಲ್ಲಿ ಬರೀ ಗಲಾಟೆ. ಎಲ್ಲಿಂದ ಹುಡುಕಲಿ?

ಸದ್ದನ್ನು ಗಮನ ಕೊಟ್ಟು ಕೇಳಿ, ಅದು ತನ್ನ ಊರು ತಾನೇ ಹೇಳುತ್ತದೆ. ಟಕ ಟಕ ಅಂತ ಇಂಜಿನ್ ವೇಗಕ್ಕೆ ತಕ್ಕ ಹಾಗೆ ಜೋರಾದರೆ ಇಗ್ನಿಷನ್. ಕುಯ್ ಅಂತ ಎಳೆದು, ಆಕ್ಸಿಲರೇಟರ್ ಒತ್ತಿದಂತೆ ಸ್ವರ ಏರಿದರೆ ಡೈನಮೋ ಅಥವಾ ಆಲ್ಟರ್ನೇಟರ್. ನಿಂತಾಗ ಇಲ್ಲದೆ ಟ್ರಕ್ ಓಡುವಾಗ ಮಾತ್ರ ಚಟಪಟ ಬಂದರೆ ಮುಂದಿನ ಚಕ್ರಗಳಲ್ಲಿ ಹುಟ್ಟುವ ಸ್ಥಿರ ವಿದ್ಯುತ್ ಇರಬಹುದು. ಅದಕ್ಕೆಂದೇ ಹಬ್ಬಿನ ಮುಚ್ಚಳದೊಳಗೆ ಕೂರುವ ಪುಟ್ಟ ಸ್ಪ್ರಿಂಗ್‌ಗಳಿದ್ದವು. ರಿಪೇರಿ ಮಾಡುವಾಗ ಯಾರೋ ತೆಗೆದಿಟ್ಟು ಮರೆತಿರುತ್ತಾರೆ.

ಮೊದಲ ಪರೀಕ್ಷೆ ಇದು. ಇಂಜಿನ್ ಓಡುತ್ತಿರುವಾಗ ಆಂಟೆನಾದ ಪ್ಲಗ್ ಎಳೆಯಿರಿ. ಗಲಾಟೆ ನಿಂತರೆ ಅದು ಗಾಳಿಯಲ್ಲಿ ಬಂದು ಆಂಟೆನಾ ಮೂಲಕ ಒಳಗೆ ಹೋಗುತ್ತಿದೆ. ನಿಲ್ಲದಿದ್ದರೆ ಕರೆಂಟಿನ ವೈರಿನಲ್ಲಿ ಬರುತ್ತಿದೆ. ಈ ಒಂದು ಪರೀಕ್ಷೆ ಅರ್ಧ ದಿನದ ಕೆಲಸ ಉಳಿಸುತ್ತದೆ.

ಗಾಳಿಯಲ್ಲಿ ಬರುತ್ತಿದ್ದರೆ ಸ್ಪಾರ್ಕ್ ಪ್ಲಗ್ಗಿಗೆ ರೆಸಿಸ್ಟರ್ ಇರುವ ವೈರು ಹಾಕಿ. ಆಂಟೆನಾದ ಬುಡದಲ್ಲಿ ತುಕ್ಕು ಕೆರೆಯಿರಿ. ಬಾನೆಟ್ಟಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿ ಕೊಡಿ. ಬಾನೆಟ್ ಕೂಡ ಇಂಜಿನ್ ಸದ್ದನ್ನು ಮುಚ್ಚುವ ಲೋಹದ ಗೋಡೆ, ಅದಕ್ಕೆ ಅರ್ಥ್ ಇಲ್ಲದಿದ್ದರೆ ಅದೇ ಆಂಟೆನಾ ಆಗಿಬಿಡುತ್ತದೆ.

ವೈರಿನಲ್ಲಿ ಬರುತ್ತಿದ್ದರೆ ಕಂಡೆನ್ಸರ್ (ಇದೂ ಕೆಪಾಸಿಟರೇ) ಹಾಕಬೇಕು. ಇಗ್ನಿಷನ್ ಕಾಯಿಲಿಗೆ ಸ್ವಿಚ್ಚಿನಿಂದ ಕರೆಂಟ್ ಬರುವ ಕಡೆ ಒಂದು. ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಕಡೆಗೆ ಬೇಡ, ಅಲ್ಲಿ ಆಗಲೇ ಒಂದಿದೆ. ಡೈನಮೋದಲ್ಲಿ ಆರ್ಮೇಚರ್ ಟರ್ಮಿನಲ್ಲಿಗೆ ಇನ್ನೊಂದು. ಫೀಲ್ಡ್ ಟರ್ಮಿನಲ್ಲಿಗೆ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ರೆಗ್ಯುಲೇಟರ್‌ನ ಪಾಯಿಂಟ್‌ಗಳು ಸುಡುತ್ತವೆ.

ಇಷ್ಟಾದರೂ ಗಲಾಟೆ ಹೋಗಿಲ್ಲವಾ? ಹೊಸದಾಗಿ ಹಾಕಿದ ಎಲ್‌ಇಡಿ ದೀಪ, ಫೋನ್ ಚಾರ್ಜರ್ ಎಲ್ಲ ಒಂದೊಂದೇ ಆರಿಸಿ ನೋಡಿ. ಎಎಂ ಬ್ಯಾಂಡಿಗೆ ಅವು ದೊಡ್ಡ ಶತ್ರುಗಳು.

ಡ್ಯಾಶ್‌ಬೋರ್ಡ್ ಕತ್ತರಿಸಿ ಇಂದಿನ ಸ್ಟೀರಿಯೋ ಕೂರಿಸಿದರೆ ಎಲ್ಲ ಸುಲಭ ಅಲ್ವಾ?

ಇವತ್ತಿಗೆ ಸುಲಭ. ಇಂದಿನ ಸ್ಟೀರಿಯೋಗೆ 182 ಮಿಲಿಮೀಟರ್ ಅಗಲ, 53 ಮಿಲಿಮೀಟರ್ ಎತ್ತರದ ಕಿಂಡಿ ಬೇಕು. ಹಳೆಯ ಡ್ಯಾಶ್‌ಬೋರ್ಡ್ ಒಂದೇ ತಗಡಿನಲ್ಲಿ ಒತ್ತಿ ಮಾಡಿದ್ದು. ಅದನ್ನು ಕೊಯ್ದರೆ ಮತ್ತೆ ಬೆಸುಗೆ, ಪುಟ್ಟಿ, ಬಣ್ಣ. ದಯವಿಟ್ಟು ಕೊಯ್ಯಬೇಡಿ. ಹಳೆಯ ಎರಡು ನಾಬಿನ ಜಾಗದಲ್ಲೇ ಕೂರುವ ಹೊಸ ರೇಡಿಯೋಗಳಿವೆ. ಕೊಳ್ಳುವ ಮೊದಲು ಎರಡು ತೂತುಗಳ ನಡುವಿನ ಅಂತರ ಅಳೆದುಕೊಳ್ಳಿ.

ಇದನ್ನೆಲ್ಲ ನಾನೇ ಮಾಡಬಹುದಾ?

ವೈರು, ಫ್ಯೂಸ್, ಅರ್ಥ್, ಸ್ಪೀಕರ್, ಗಲಾಟೆ ಹುಡುಕುವುದು: ಮಾಡಬಹುದು. ಬೆಸುಗೆ ಹಾಕಲು ಕೈ ಪಳಗಿದ್ದರೆ ಟ್ರಾನ್ಸಿಸ್ಟರ್ ರೇಡಿಯೋಗೆ ಇನ್‌ಪುಟ್ ಸೇರಿಸುವುದೂ ಆಗುತ್ತದೆ. ವಾಲ್ವ್ ರೇಡಿಯೋದ 200 ವೋಲ್ಟಿನ ಭಾಗವನ್ನು ಗೊತ್ತಿರುವವರ ಪಕ್ಕ ಕೂತು ಕಲಿತು ಆಮೇಲೆ ಮಾಡಿ.

ಎಲ್ಲ ಜೋಡಿಸಿಯಾಯಿತು. ಆದರೆ ಸ್ಟೇಷನ್‌ಗಳು ಕ್ಷೀಣವಾಗಿ ಬರುತ್ತಿವೆ. ಯಾಕೆ?

ಆಂಟೆನಾಗೆ ಟ್ರಿಮ್ಮರ್ ಹೊಂದಿಸಿಲ್ಲ. ಹೆಚ್ಚಿನವರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ಎಎಂ ಕಾರ್ ರೇಡಿಯೋಗೆ ಆಂಟೆನಾ ಮತ್ತು ಅದರ ಕೇಬಲ್ ಎರಡೂ ಟ್ಯೂನಿಂಗಿನ ಭಾಗವೇ. ಕೇಬಲ್ ಬದಲಿಸಿದರೂ ಆಂಟೆನಾ ಬದಲಿಸಿದರೂ ಮತ್ತೆ ಹೊಂದಿಸಬೇಕು. ಕೇಬಲ್ಲೂ ಕಾರ್ ರೇಡಿಯೋಗೆಂದೇ ಮಾಡಿದ್ದಾಗಿರಲಿ, ಟಿವಿ ಕೇಬಲ್ ಕತ್ತರಿಸಿ ಹಾಕಬೇಡಿ.

ಆಂಟೆನಾ ಪೂರ್ತಿ ಎಳೆಯಿರಿ. ಟ್ರಕ್ಕನ್ನು ಕಟ್ಟಡಗಳಿಂದ ದೂರ ಬಯಲಿಗೆ ತನ್ನಿ. 1400 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕಷ್ಟಪಟ್ಟು ಕೇಳಿಸುವ ಒಂದು ಸ್ಟೇಷನ್ ಹುಡುಕಿ, ವಾಲ್ಯೂಮ್ ಜಾಸ್ತಿ ಮಾಡಿ. ಆಂಟೆನಾ ಪ್ಲಗ್ಗಿನ ಹತ್ತಿರವೋ ನಾಬಿನ ಹಿಂದೆಯೋ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದೇ ಟ್ರಿಮ್ಮರ್. ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಕೂದಲೆಳೆಯಷ್ಟು ತಿರುಗಿಸಿ. ದನಿ ಏರುತ್ತದೆ. ಇನ್ನಷ್ಟು ತಿರುಗಿಸಿ. ಒಂದು ಹಂತ ದಾಟಿದ ಮೇಲೆ ಮತ್ತೆ ಇಳಿಯಲು ಶುರುವಾಗುತ್ತದೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬಂದು, ದನಿ ಎಲ್ಲಕ್ಕಿಂತ ತುಂಬಿ ಬರುವ ಕಡೆ ಕೈ ತೆಗೆಯಿರಿ.